ಹಾಸು ಅವರದು, ಹೊಕ್ಕು ನನ್ನದು

ಮಾರ್ಚ್ ೧೨, ಬುಧವಾರ

ಮಗಳೇ,

ಸಂಜೆ ಐದೂವರೆ. ಇವತ್ತು ಮಗ್ಗದಿಂದ ಬಟ್ಟೆ ಇಳಿಸಿದೆವು, ಕಂಪನಿಯವರು ಬಂದು ನೋಡಿದರು, ನಾನು ಎರಡು ಲೋಟ ಚಹಾ ಕುಡಿದೆ. ಮಗ್ಗ ಈಗ ಬರಿದಾಗಿದೆ, ಅದರ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ.

ನಿನ್ನ ಮೂರು ಕಾಗದಗಳೂ ನೂಲಿನ ಡಬ್ಬಿಯಲ್ಲಿವೆ. ಉತ್ತರ ಬರಲಿಲ್ಲವೆಂದು ಮುನಿಸಿಕೊಳ್ಳಬೇಡ. ಬರೆಯಲು ಕೂತರೆ ಅಪ್ಪನ ಮಾತು ಬರುತ್ತದೆ, ಅದು ಬಂದರೆ ಕೈ ನಿಲ್ಲುತ್ತದೆ. ಬಟ್ಟೆ ಮುಗಿಯಲಿ ಅಂದುಕೊಂಡೆ. ಮಗುವಿಗೆ ಹಲ್ಲು ಬಂದದ್ದು ಓದಿ ಖುಷಿಯಾಯಿತು. ಕಚ್ಚಿದರೆ ಬೈಯಬೇಡ, ನೀನೂ ಕಚ್ಚುತ್ತಿದ್ದೆ.

ಈ ಬಟ್ಟೆಯ ಹಾಸು, ಅಂದರೆ ಉದ್ದದ ಎಳೆಗಳು, ಅಪ್ಪ ಕಟ್ಟಿದ್ದು. ಕಟ್ಟಿದ ನಾಲ್ಕನೇ ದಿನ ಅವರು ತೀರಿಕೊಂಡರು. ಅಡ್ಡದ ಎಳೆ, ಹೊಕ್ಕು, ಪೂರ್ತಿ ನಾನೇ ಹಾಕಿದೆ. ನೀಲಿ ಹಾಸಿನ ನಡುವೆ, ಎಡ ಅಂಚಿನಿಂದ ನಾಲ್ಕು ಬೆರಳು ಒಳಗೆ, ಒಂದೇ ಒಂದು ಹಸಿರು ಎಳೆ ಸೇರಿಬಿಟ್ಟಿತ್ತು. ಅಂಚಿಗೆಂದು ಇಟ್ಟದ್ದು. ಹಾಸಿನಲ್ಲಿ ತಪ್ಪಿದರೆ ಗೊತ್ತಲ್ಲ, ಮೊದಲ ಗೇಣಿನಿಂದ ಕೊನೆಯ ಗೇಣಿನವರೆಗೂ ಗೆರೆ ಎಳೆದ ಹಾಗೆ ಬರುತ್ತದೆ.

ನಮ್ಮ ಸಂಘದ ಮೇಲ್ವಿಚಾರಕ, ನೀವೆಲ್ಲ ಗಡಿಯಾರ ಅನ್ನುತ್ತಿದ್ದಿರಲ್ಲ, ಅವನು ಅಪ್ಪ ಹೋದ ಮೇಲೆ “ಅದನ್ನ ಕಿತ್ತು ನೀಲಿ ಕಟ್ಟಮ್ಮ” ಅಂದಿದ್ದ. ಅವರ ಕೈ ಮುಟ್ಟಿದ ಎಳೆ, ಕೀಳಲು ಮನಸ್ಸಾಗಲಿಲ್ಲ. “ಸರಿ, ಕಂಪನಿಯವರು ಬೇಡ ಅಂದರೆ ಸೂಜಿ ಹಿಡಿದು ನಾನೇ ಕೀಳ್ತೀನಿ” ಅಂದ. ಎರಡು ತಿಂಗಳು ಆ ಹೆದರಿಕೆಯಲ್ಲೇ ಲಾಳಿ ಓಡಿಸಿದೆ.

ನ್ಯಾಯವಾದ ಕೂಲಿ ಕೊಟ್ಟು, ನೇಯ್ದವರ ಹೆಸರಿನ ಚೀಟಿ ಹೊಲಿದು ಬಟ್ಟೆ ಮಾರುವ ಕಂಪನಿ ಅದು. ಇವತ್ತು ಅಲ್ಲಿಂದ ಬಂದಾಕೆ ಚಪ್ಪಲಿ ಬಿಟ್ಟು, ಹಸಿರು ಗೆರೆಯ ಮೇಲೆ ಬೆರಳಿಟ್ಟು, ಬಟ್ಟೆ ಹರಡಿದ್ದ ಮೇಜಿನ ಆ ತುದಿಯಿಂದ ಈ ತುದಿಗೆ ನಡೆದಳು.

“ಅಮ್ಮಾ, ಇದು ಬೇಕಂತ ಹಾಕಿದ್ದಾ?”

ಗಡಿಯಾರ ಕೆಮ್ಮಿದ. ಹೌದು ಅಂದುಬಿಡೋಣ ಅನ್ನಿಸಿತು, ಬಾಯಿ ಬರಲಿಲ್ಲ. “ಇಲ್ಲ, ತಪ್ಪಿ ಬಂದದ್ದು. ನಮ್ಮ ಮನೆಯವರು ಕಟ್ಟಿದ ಕೊನೇ ಹಾಸು” ಅಂದೆ.

ಆಕೆ ಬಗ್ಗಿ ಗೆರೆಯನ್ನು ಇನ್ನೊಮ್ಮೆ ನೋಡಿದಳು. “ತಪ್ಪಾದರೂ ಎಲ್ಲೂ ದಾರಿ ತಪ್ಪಿಲ್ಲ. ಇರಲಿ ಬಿಡಿ. ಚೀಟಿಯಲ್ಲಿ ಯಾರ ಹೆಸರು?”

“ಹಾಸು ಅವರದು, ಹೊಕ್ಕು ನನ್ನದು.”

ಚೀಟಿಯಲ್ಲಿ ಇದ್ದದ್ದು ಒಂದೇ ಹೆಸರಿನ ಜಾಗ. ಗಡಿಯಾರ ಇರುವೆ ಸಾಲಿನಂಥ ಅಕ್ಷರದಲ್ಲಿ ಎರಡೂ ಹೆಸರು ತುರುಕಿದ. ನೂಲಿಗೆ ಬಣ್ಣ ಹಾಕುವ ನಮ್ಮ ಚಿಕ್ಕಮ್ಮ ನೀಲಿ ಹತ್ತಿದ ಮೊಣಕೈ ಊರಿಕೊಂಡು ಬಗ್ಗಿ ನೋಡಿ, “ಮದುವೆ ಕಾಗದ ಬಿಟ್ಟರೆ ಇದೇ ನೋಡು, ಗಂಡ ಹೆಂಡತಿ ಜಗಳ ಇಲ್ಲದೆ ಒಂದೇ ಸಾಲಲ್ಲಿ ಕೂತಿದ್ದು” ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದನ್ನು ನಿನಗೆ ಹೇಳಬೇಕು ಅನ್ನಿಸಿತು.

ಮುಂದಿನ ಹಾಸಿನಲ್ಲೂ ಅದೇ ಜಾಗಕ್ಕೆ ಹಸಿರು ಬೇಕಂತೆ. “ಈ ಸಲ ಬೇಕಂತಲೇ ತಪ್ಪಬೇಕು” ಎಂದು ಗಡಿಯಾರ ಗೊಣಗುತ್ತಾ ಬರೆದುಕೊಂಡ.

ಕೊನೆಯಲ್ಲಿ ಉಳಿದ ಒಂದು ಮೊಳ ಬಟ್ಟೆ ಮಗುವಿಗೆ ಕಳಿಸುತ್ತಿದ್ದೇನೆ. ಹಸಿರು ಎಳೆ ಅದರಲ್ಲೂ ಇದೆ. ಅಳಿಯಂದಿರನ್ನು ಕೇಳಿದೆನೆಂದು ಹೇಳು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಮ್ಮ

ಮೇಲೆ ಒಂದು ಮಾತು ಬಿಟ್ಟಿದ್ದೇನೆ. ಹಾಸು ಕಟ್ಟುವಾಗ ಮಗ್ಗದ ಹಿಂದೆ ಕೂತವರು ಎಳೆ ಆರಿಸಿ ಕೊಡಬೇಕು, ಮುಂದೆ ಕೂತವರು ಎಳೆದುಕೊಳ್ಳಬೇಕು. ಹಿಂದೆ ಕೂತಿದ್ದವಳು ನಾನು. ಚಿಕ್ಕಮ್ಮನ ಯಾವುದೋ ಮಾತಿಗೆ ನಗುತ್ತಾ ಅಂಚಿನ ಕಟ್ಟಿನಿಂದ ಹಸಿರು ಕೊಟ್ಟೆ. ನಾನು ಕೊಟ್ಟದ್ದನ್ನು ಅಪ್ಪ ಯಾವತ್ತೂ ಪರೀಕ್ಷೆ ಮಾಡಿ ನೋಡಿದವರಲ್ಲ. ಗಡಿಯಾರ ಆ ಎಳೆ ತೋರಿಸಿದಾಗ “ನನ್ನ ಕಣ್ಣು ಮಂಜಾಯಿತು, ಇನ್ನು ಮಗ್ಗ ಸಾಕು” ಎಂದು ಎದ್ದು ಹೋದರು. ನಾನು ಸುಮ್ಮನಿದ್ದೆ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ ಮೂರು ದಿನ ಕಳೆದೆ. ಅವರ ಕಣ್ಣು ಚೆನ್ನಾಗಿಯೇ ಇತ್ತು ಮಗಳೇ.

ನಾಳೆ ಒಂಬತ್ತಕ್ಕೆ ಹೊಸ ಹಾಸು ಕಟ್ಟುತ್ತೇವೆ. ಚಿಕ್ಕಮ್ಮ ಹಿಂದೆ ಕೂತು ಎಳೆ ಕೊಡುತ್ತಾಳೆ, ನಾನು ಮುಂದೆ ಕೂರುತ್ತೇನೆ.