ಮೊಣಕೈ ಸನ್ನೆ

ಬಾಲರಾಜು,

ಇದನ್ನು ನಿನಗೆ ಕಳಿಸುವುದಿಲ್ಲ, ಹಾಗಾಗಿ ನಿಜ ಹೇಳುತ್ತೇನೆ. ಇವತ್ತು ಯಲಹಂಕದ ಸೈಕಲ್ ರೇಸ್ ನೋಡಲು ಬಂದಿದ್ದೆ. ನೀನು ಗೆದ್ದೆ. ನನ್ನ ಹೊಟ್ಟೆ ಉರಿದದ್ದು ಅದಕ್ಕಲ್ಲ.

ನಾವು ಒಂದೇ ಟೀಮಿನಲ್ಲಿದ್ದಾಗ ಮುಂದೆ ಹೋಗಿ ಎದುರುಗಾಳಿ ಸೀಳುವುದು ನನ್ನ ಕೆಲಸ. ನನ್ನ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಕಾಲಿನ ಕಸುವು ಉಳಿಸಿಕೊಂಡು, ಕೊನೆಯಲ್ಲಿ ನುಗ್ಗಿ ಗೆಲ್ಲುವುದು ನಿನ್ನ ಕೆಲಸ. ಮುಂದಿರುವವನು ಸುಸ್ತಾಗಿ ಮೊಣಕೈ ಆಡಿಸಿದರೆ ಹಿಂದಿನವನು ಮುಂದೆ ಬರಬೇಕು. ನಾನು ಒಮ್ಮೆಯೂ ಆಡಿಸಲಿಲ್ಲ. ನಿನ್ನನ್ನು ಗಾಳಿಗೆ ಬಿಡಲು ಮನಸ್ಸೇ ಬರುತ್ತಿರಲಿಲ್ಲ.

ಟೀಮ್ ಬಿಡುವಾಗ ನೀನು, "ಇಷ್ಟ್ ವರ್ಷ ನಿನ್ ಬೆನ್ನೊಂದೇ ನೋಡಿದೀನಿ ಕಣೋ" ಅಂದೆ. ನಾನದನ್ನು ಹೊಗಳಿಕೆ ಎಂದುಕೊಂಡೆ.

ಇವತ್ತು ನಿನ್ನ ಹೊಸ ಜೊತೆಗಾರ, ಆ ಜಾಲಹಳ್ಳಿಯ ನರೇಂದ್ರ, ಅರ್ಧ ದಾರಿಗೇ ಮೊಣಕೈ ಆಡಿಸಿಬಿಟ್ಟ. ನೀನು ನಗುತ್ತಾ ಮುಂದೆ ಬಂದೆ. "ಹಿಂದೆ ಬಾ ಮಗಾ, ನಾನ್ ಎಳೀತೀನಿ" ಅಂದದ್ದು ರಸ್ತೆ ಪಕ್ಕ ನಿಂತಿದ್ದ ನನಗೂ ಕೇಳಿಸಿತು.

ಪುಟ್ಟೇನಹಳ್ಳಿ ಕೆರೆಯ ಪಕ್ಕ ಒಬ್ಬನೇ ಸೈಕಲ್ ತುಳಿದುಕೊಂಡು ಮನೆಗೆ ಹೊರಟೆ. ಎದುರುಗಾಳಿ ಜೋರಾಗಿತ್ತು. ಹಿಂದೆ ಯಾರೂ ಇಲ್ಲವೆಂದು ಗೊತ್ತಿದ್ದೂ ಮೊಣಕೈ ಆಡಿಸಿದೆ.