ಹಡಗಿನ ಗಡಿಯಾರದ ಒಂದು ಗುರುವಾರ

ಪ್ರೊಗ್ರೆಸೊ, ಯುಕತಾನ್
ನವೆಂಬರ್ 19, ಬುಧವಾರ

ನನ್ನ ಮುದ್ದಿನ ನಯೆಲಿಗೆ,

ಅಮ್ಮನ ಅಕ್ಷರ ಅಂತ ಗೊತ್ತಾದ ಕೂಡಲೇ ಮಡಚಿ ದಿಂಬಿನ ಕೆಳಗೆ ತಳ್ಳಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನಾಳೆ ನಿಮ್ಮ ಹಡಗು ಬಂದಾಗ ಮಾರಿತೆಸ್ ಕೈಗೆ ಕೊಡುತ್ತೇನೆ. ನಿನ್ನ ಕೋಣೆಯಲ್ಲೇ ಮಲಗುವ ಆ ಫಿಲಿಪೀನ್ಸ್ ಹುಡುಗಿ ಪ್ರತಿ ಸಲ ಇಳಿದು, ಬಂದರಿನ ಬಾಗಿಲ ಬಳಿಯ ಕಾಫಿ ಅಂಗಡಿಯಲ್ಲಿ ಕೂತು ತನ್ನ ಮನೆಯವರ ಜೊತೆ ಮಾತಾಡುತ್ತಾಳೆ. ಅವಳನ್ನು ಬೈಯಬೇಡ, ನಾನೇ ಗಂಟುಬಿದ್ದದ್ದು. ಹದಿನೈದು ದಿನಕ್ಕೊಮ್ಮೆ ಹಡಗು ಇಲ್ಲಿ ನಿಂತಾಗಲೆಲ್ಲ ನಿನಗೇ ಹೇಗೆ ಇಳಿಯದೆ ಹಡಗಿನಲ್ಲೇ ಉಳಿಯುವ ಕಾವಲು ಬೀಳುತ್ತದೆ ಅಂತ ನಾನು ಅವಳನ್ನು ಕೇಳಲಿಲ್ಲ. ಕೇಳುವ ಮೊದಲೇ ಅವಳು ತಲೆ ತಗ್ಗಿಸಿದಳು. ನನಗೆ ಅಷ್ಟು ಸಾಕಾಯಿತು.

ವಿಷಯಕ್ಕೆ ಬರುತ್ತೇನೆ. ನಿನ್ನ ಮಗು, ನಮ್ಮ ಅಬ್ರಿಲ್ ಹೋಗಿ ಮೂರು ವರ್ಷ ತುಂಬಿತು. ಈ ಊರಿನ ಸ್ಮಶಾನದಲ್ಲಿ ಮೂರು ವರ್ಷ ಅಂದರೆ ಏನು ಅಂತ ನಿನಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವಳನ್ನಿಟ್ಟು ಮುಚ್ಚಿದ ಗೂಡನ್ನು ಮುಂದಿನವರಿಗೆ ಬಿಡಲು ಒಡೆಯಬೇಕು, ಎಲುಬು ತೆಗೆದು ಒರೆಸಿ, ಹೊಸ ಬಟ್ಟೆಯಲ್ಲಿ ಇಟ್ಟು ಪೆಟ್ಟಿಗೆಗೆ ಹಾಕಬೇಕು. ನಿನ್ನ ಅಪ್ಪನದನ್ನು ನಾವಿಬ್ಬರೂ ಸೇರಿ ಮಾಡಿದ್ದೆವು. ಆಗ ನೀನು ಬಸುರಿ, ಮೂಳೆ ಮುಟ್ಟಬಾರದು ಅಂತ ಅತ್ತೆಯಂದಿರೆಲ್ಲ ಬೊಬ್ಬೆ ಹೊಡೆದರೂ ಕೇಳದೆ ಬ್ರಷ್ಷು ಹಿಡಿದು ಕೂತಿದ್ದೆ. ಈ ಸಲ ನಾನೊಬ್ಬಳೇ ಕೂರಲಾರೆ. ಸ್ಮಶಾನದ ಕಾವಲುಗಾರ ದೋನ್ ಇಲಾರಿಯೊ ಡಿಸೆಂಬರ್ ನಾಲ್ಕರವರೆಗೆ ಕಾಯುತ್ತಾನೆ. ಅದು ನಿಮ್ಮ ಹಡಗು ಮತ್ತೆ ಬರುವ ಗುರುವಾರ. ಆ ದಿನ ನೀನು ಇಳಿದು ಬರಬೇಕು.

ದಿನ ಹೇಗೆ ಹೋಗಬೇಕು ಅಂತ ಎಲ್ಲ ಕಟ್ಟಿಟ್ಟಿದ್ದೇನೆ. ನನ್ನ ಕಸುಬೇ ಅದಲ್ಲವೇ. ಹನ್ನೆರಡು ವರ್ಷದಿಂದ ಬಂದರಿನ ಬಾಗಿಲಲ್ಲಿ ಹಲಗೆ ಹಿಡಿದು ನಿಂತು, ಕೆಂಪಗೆ ಸುಟ್ಟುಕೊಂಡ ಪರದೇಶಿಗಳಿಗೆ ಎಂಟು ಗಂಟೆಯಲ್ಲಿ ಏನೇನು ನೋಡಬಹುದು, ಎಲ್ಲಿ ತಿನ್ನಬಹುದು, ಯಾವಾಗ ಹಿಂದಿರುಗಬೇಕು ಅಂತ ಹೇಳುವವಳು ನಾನು. ಇವತ್ತಿನವರೆಗೆ ನನ್ನ ಮಾತು ಕೇಳಿದ ಒಬ್ಬನೂ ಹಡಗು ತಪ್ಪಿಸಿಕೊಂಡಿಲ್ಲ.

ಕೆಳಗಿನ ಹೊತ್ತೆಲ್ಲ ಹಡಗಿನ ಗಡಿಯಾರದ್ದು, ನಮ್ಮ ಊರಿನದಕ್ಕಿಂತ ಒಂದು ಗಂಟೆ ಮುಂದೆ. ಎಂಟಕ್ಕೆ ಹಡಗು ಕಟ್ಟುತ್ತಾರೆ. ಪ್ರಯಾಣಿಕರೆಲ್ಲ ಇಳಿದು ಕೆಲಸದವರನ್ನು ಬಿಡುವ ಹೊತ್ತಿಗೆ ಒಂಬತ್ತೂವರೆ. ಉದ್ದ ಸೇತುವೆ ದಾಟಿಸುವ ಬಸ್ಸಿನಲ್ಲಿ ಬಲಗಡೆ ಕೂತುಕೋ, ಎಡಗಡೆ ಬಿಸಿಲು. ಹತ್ತಕ್ಕೆ ನಾನು ಬಾಗಿಲಲ್ಲಿ ಇರುತ್ತೇನೆ. ಮಾರುಕಟ್ಟೆ ಬೀದಿಯಿಂದ ಕರೆದುಕೊಂಡು ಹೋಗುವುದಿಲ್ಲ, ಅಲ್ಲಿ ಎಲ್ಲರೂ ತಡೆದು ಮುಖ ನೋಡುತ್ತಾರೆ. ಹಿಂದಿನ ಓಣಿಯಲ್ಲಿ ಬರೋಣ. ಸ್ನಾನಕ್ಕೆ ನೀರು ಕಾಯಿಸಿಟ್ಟಿರುತ್ತೇನೆ. ನಿನ್ನ ಕೈಗೆ ಇನ್ನೂ ಆ ಶೌಚಾಲಯ ತೊಳೆಯುವ ದ್ರಾವಣದ ವಾಸನೆ ಇದೆಯೋ ಏನೋ. ಹನ್ನೊಂದಕ್ಕೆ ಸ್ಮಶಾನ. ದೋನ್ ಇಲಾರಿಯೊ ಗೂಡು ಒಡೆಯುವಾಗ ನೀನು ದೂರ ನಿಂತರೂ ಸರಿ, ಆಮೇಲೆ ಕೂತುಕೋ. ಬಟ್ಟೆಗೆ ನಾನೇ ಕಸೂತಿ ಹಾಕಿದ್ದೇನೆ, ಅಂಚಿಗೆ ಹೂವು, ನಡುವೆ ಅವಳ ಹೆಸರು. ಕಣ್ಣು ಮಂಜಾಗಿದೆ, ಒಂದು ಅಕ್ಷರ ವಾಲಿದೆ, ನಗಬೇಡ.

ಒಂದೂವರೆಗೆ ಮನೆ. ಕೋಳಿ ಸಾರಿಗೆ ಲೀಮಾ ಹಣ್ಣು ಹಿಂಡಿ ಮಾಡಿಡುತ್ತೇನೆ. ಹಡಗಿನಲ್ಲಿ ಮೂವತ್ತು ಬಗೆಯ ಊಟ ಇಟ್ಟರೂ ಇದೊಂದು ಇಡುವುದಿಲ್ಲ ಅಂತ ನೀನು ಹಿಂದೆ ಗೊಣಗುತ್ತಿದ್ದೆ. ಊಟ ಸೇರದಿದ್ದರೆ ಸುಮ್ಮನೆ ಜೋಲಿಯಲ್ಲಿ ಮಲಗು, ನಾನು ಮಾತಾಡಿಸುವುದಿಲ್ಲ. ಮೂರಕ್ಕೆ ಬಸ್ಸು. ನಾಲ್ಕಕ್ಕೆ ಕೆಲಸದವರೆಲ್ಲ ಮೇಲಿರಬೇಕು, ನೀನು ಅರ್ಧ ಗಂಟೆ ಮೊದಲೇ ಇರುತ್ತೀ. ಅಡುಗೆಮನೆಯ ಗಡಿಯಾರವನ್ನು ನಿನ್ನೆ ಒಂದು ಗಂಟೆ ಮುಂದೆ ತಿರುಗಿಸಿದ್ದೇನೆ. ನಮ್ಮ ಊರಿನ ಹೊತ್ತು ಏನಾದರೂ ಆಗಲಿ.

ಅವತ್ತು ತಿರುಗಿಸಲಿಲ್ಲ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ. ಪರದೇಶಿಗಳಿಗೆ ದಿನಕ್ಕೆ ನೂರು ಸಲ, 'ಹಡಗಿನ ಗಂಟೆ ನೋಡಿ, ನಮ್ಮ ಊರಿನದಲ್ಲ' ಅಂತ ಗಂಟಲು ಹರಿದುಕೊಳ್ಳುವ ನಾನು, ಮಗುವಿನ ಮಣ್ಣಿಗೆ ಪಾದ್ರಿಯ ಹತ್ತಿರ ಹೊತ್ತು ಕೇಳುವಾಗ ಇಗರ್ಜಿಯ ಗಂಟೆ ಹಿಡಿದು ಮೂರು ಅಂದುಬಿಟ್ಟೆ. ನಾಲ್ಕಕ್ಕೆ ನೀನು ಹಡಗಿನಲ್ಲಿರಬೇಕು, ನಡುವೆ ಒಂದು ಗಂಟೆ ಇದೆ ಅಂತ ಲೆಕ್ಕ ಹಾಕಿದೆ. ಆ ಒಂದು ಗಂಟೆ ಇರಲೇ ಇಲ್ಲ. ಸ್ಮಶಾನದ ಬಾಗಿಲಲ್ಲಿ ನೀನು ಕೈಗಡಿಯಾರ ನೋಡಿ ನಿಂತುಬಿಟ್ಟೆ. ಆಗ ನಾನು ಏನು ಅಂದೆ ಅಂತ ನನಗೆ ನೆನಪಿದೆ.

"ಹೋಗೇ ಮಗಳೇ, ಹಡಗು ಕಾಯಲ್ಲ. ನಾನಿದೀನಲ್ಲ."

ನಾನಿದ್ದೆ. ಇದ್ದು ಏನು ಕಡಿದೆ. ಅಕ್ಕಪಕ್ಕದವರು ಕೇಳಿದರೆ ಕಪ್ತಾನ ಬಿಡಲಿಲ್ಲ ಅಂತ ಹೇಳಿಕೊಂಡು ಬಂದಿದ್ದೇನೆ. ನೀನು ಹೋದದ್ದು ತಪ್ಪು ಅಂತ ನಾನು ಯಾರಿಗೂ ಹೇಳಿಲ್ಲ, ನನಗೂ ಹೇಳಿಕೊಂಡಿಲ್ಲ. ಇಲ್ಲ, ಸುಳ್ಳೇಕೆ. ಒಂದೊಂದು ದಿನ ಹೇಳಿಕೊಂಡಿದ್ದೇನೆ. ಹೊಟ್ಟೆ ಉರಿದುಕೊಂಡು ಶಾಪ ಹಾಕಿದ್ದೇನೆ, ಆಮೇಲೆ ಬಾಯಿ ತೊಳೆದುಕೊಂಡಿದ್ದೇನೆ.

ಆದರೆ ನೀನು ಇಳಿದು ಬರದಿರುವುದು ಅದಕ್ಕಲ್ಲ. ನನಗೆ ಗೊತ್ತು. ಜ್ವರ ಬಂದದ್ದು ಶನಿವಾರ. ಭಾನುವಾರ ನೀನು ಫೋನ್ ಮಾಡಿ ಅಬ್ರಿಲ್ ಎಲ್ಲಿ ಅಂದಾಗ, ಸಮುದ್ರದಲ್ಲಿ ಆಡಿ ಸುಸ್ತಾಗಿ ಮಲಗಿದ್ದಾಳೆ ಅಂದೆ. ಅವಳು ಮಲಗಿದ್ದು ಆಸ್ಪತ್ರೆಯಲ್ಲಿ, ಕೈಗೆ ಸೂಜಿ ಚುಚ್ಚಿಸಿಕೊಂಡು. ಸಮುದ್ರದ ಮಧ್ಯೆ ನಿನ್ನ ಜೀವ ಯಾಕೆ ಹಿಂಡಬೇಕು ಅಂತ ಹೇಳಲಿಲ್ಲ ಅಂತ ಆಮೇಲೆ ನಿನಗೆ ಹೇಳಿದೆ. ಅದು ಅರ್ಧ ಸತ್ಯ. ಇನ್ನರ್ಧ ಇವತ್ತು ಬರೆಯುತ್ತೇನೆ. ಆ ಗುರುವಾರಕ್ಕೆ ಅಬ್ರಿಲ್ ತಾನೇ ಒಂದು ದಿನ ಕಟ್ಟಿದ್ದಳು, ನನ್ನನ್ನು ನೋಡಿ ಕಲಿತದ್ದು. ಅಮ್ಮ ಇಳಿದ ಕೂಡಲೇ ಈಜು, ಆಮೇಲೆ ಚೀಸ್ ತುಂಬಿದ ಗರಿಗರಿ ಸುರುಳಿ ಮೂರು, ಆಮೇಲೆ ಮತ್ತೆ ಈಜು. ಬಿಳಿ ಹಾಳೆಯಲ್ಲಿ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದಳು. "ಚಿಚೀ, ಅಮ್ಮಂಗೆ ಹೇಳ್ಬೇಡ, ಹುಷಾರಿಲ್ಲ ಅಂದ್ರೆ ಈಜಕ್ಕೆ ಬಿಡಲ್ಲ" ಅಂದಳು. ನಾಲ್ಕು ದಿನದಲ್ಲಿ ಜ್ವರ ಇಳಿಯುತ್ತದೆ, ಗುರುವಾರ ಕೆಡುವುದು ಬೇಡ ಅಂತ ಅವಳ ಚಿಚೀ, ಅಜ್ಜಿಯಾದ ನಾನೂ ಅಂದುಕೊಂಡೆ. ಐದು ವರ್ಷದ ಮಗು ಹೇಳಿದಂತೆ ಕೇಳಿದೆ. ವೈದ್ಯರು ಕೈಲಾದದ್ದೆಲ್ಲ ಮಾಡಿದರು. ಬುಧವಾರ ಬೆಳಗ್ಗೆ ಅವಳು ಹೋದಳು.

ನೀನು ಗುರುವಾರ ಬಂದೆ. ಬಸ್ಸಿಳಿದು, ಕೈಯಲ್ಲಿ ಅವಳಿಗೆ ತಂದ ಈಜುಡುಗೆ ಹಿಡಿದು, ನನ್ನ ಕಪ್ಪು ಬಟ್ಟೆ ನೋಡಿ ಯಾರು ಹೋದದ್ದು ಅಂತ ಕೇಳಿದೆ. ಆ ಪ್ರಶ್ನೆಯಿಂದ ನಾನು ಇನ್ನೂ ಎದ್ದಿಲ್ಲ ನಯೆಲಿ. ಬಂದರಿನ ಬಾಗಿಲಲ್ಲಿ ನಿಂತು ನಗುನಗುತ್ತಾ ಊರವರ ದಿನ ಕಟ್ಟಿಕೊಡುತ್ತೇನೆ, ಒಳಗೆ ಏನೂ ಉಳಿದಿಲ್ಲ. ಹೋದ ತಿಂಗಳ ಕೊನೆಯಲ್ಲಿ ಮಕ್ಕಳ ಆತ್ಮಗಳಿಗೆ ಊಟ ಇಡುವ ದಿನ ಎಲ್ಲ ಮನೆಗಳಲ್ಲೂ ಮೇಣದಬತ್ತಿ ಹಚ್ಚಿದರು. ನಾನೂ ಹಚ್ಚಿದೆ. ಸಿಹಿ, ಬಿಸಿ ಚಾಕೊಲೇಟು ಇಟ್ಟೆ. ಅವಳು ಬಂದಳೆಂದು ನನಗೆ ಅನಿಸಲಿಲ್ಲ. ತಾಯಿ ಇಲ್ಲದ ಮನೆಗೆ ಅವಳಾದರೂ ಯಾಕೆ ಬಂದಾಳು.

ಕ್ಷಮಿಸು ಅಂತ ಕೇಳುತ್ತಿಲ್ಲ. ಅದನ್ನು ಕೇಳುವ ಮುಖ ನನಗಿಲ್ಲ. ಡಿಸೆಂಬರ್ ನಾಲ್ಕು, ನಿನ್ನ ಗಡಿಯಾರದ ಹತ್ತು ಗಂಟೆ. ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ, ಬಂದು ಅವಳ ಪಕ್ಕ ಕೂತು ಹೋಗು.

ನಿನ್ನ ದಾರಿ ನೋಡುತ್ತಿರುವ,
ಅಮ್ಮ
ಫಿಲಿಬೆರ್ತಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ದೋನ್ ಇಲಾರಿಯೊ ಕಾಯುತ್ತಾನೆ ಅಂತ ಬರೆದದ್ದು ಸುಳ್ಳು. ಅವನು ಒಂದು ತಿಂಗಳಿಂದ ಬಾಗಿಲಿಗೆ ಬಂದು ಗೂಡು ಬಿಡಿ ಅಂತ ಹೇಳುತ್ತಿದ್ದ, ನಾನೇ ದಿನ ತಳ್ಳುತ್ತಿದ್ದೆ. ನಿನ್ನೆ ಆ ಗೂಡಿಗೆ ಇನ್ನೊಂದು ಮಗು ಬಂತು. ಅದರ ತಾಯಿ ಅಲ್ಲೇ ನಿಂತಿದ್ದಳು, ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಒಡೆದರು. ಎಲ್ಲ ಮುಗಿಯಿತು ಅಂತ ತಿಳಿದರೆ ನೀನು ಇನ್ನು ಬರುವುದೇ ಇಲ್ಲ ಅಂತ ಹೆದರಿ ಮುಚ್ಚಿಟ್ಟೆ, ಅವತ್ತು ಜ್ವರ ಮುಚ್ಚಿಟ್ಟ ಹಾಗೆಯೇ. ಅವಳು ಈಗ ಮನೆಯಲ್ಲಿದ್ದಾಳೆ. ಒರೆಸಿಲ್ಲ, ಅದು ತಾಯಿಯ ಕೆಲಸ ಅಂತ ಹೇಳಿ ಹಾಗೇ ತಂದೆ. ಪೆಟ್ಟಿಗೆ ತುಂಬಾ ಹಗುರ. ಹೊರಲು ಇಬ್ಬರು ಬೇಕಾಗಲಿಲ್ಲ. ಆದರೂ ಬಾ.