ಎರಡು ಸೊನ್ನೆಗಳ ನಡುವಿನ ನೀರು

ನನಗಿಂತ ಹಿರಿಯಳೂ ನನಗಿಂತ ಚಿಕ್ಕವಳೂ ಆದ ಉಮ್ಸುನಾಯ್ ಅತ್ತೆಗೆ,

ನಿನ್ನನ್ನು ನೀವು ಎನ್ನಬೇಕೋ ನೀನು ಎನ್ನಬೇಕೋ ಎಂದು ಬಹಳ ಹೊತ್ತು ಯೋಚಿಸಿದೆ. ವರಸೆಯಲ್ಲಿ ನೀನು ನನ್ನ ಅಪ್ಪನ ಅಕ್ಕ. ಆದರೆ ದಡಾರ ಬಂದು ನೀನು ಹೋದದ್ದು ನಾಲ್ಕನೆಯ ವರ್ಷದಲ್ಲಿ. ಅಪ್ಪ ಆಗ ಹುಟ್ಟಿಯೇ ಇರಲಿಲ್ಲ. ಇಪ್ಪತ್ತನಾಲ್ಕು ವರ್ಷದ ನಾನು ನಾಲ್ಕು ವರ್ಷದವಳ ಮುಂದೆ ತಪ್ಪೊಪ್ಪಿಕೊಳ್ಳಲು ಕುಳಿತಿದ್ದೇನೆ. ಮಗುವಿನೊಂದಿಗೆ ಮಾತನಾಡುವಂತೆಯೇ ಬರೆಯುತ್ತೇನೆ.

ಕಣಿವೆಗೆ ಅಣೆಕಟ್ಟು ಎದ್ದಾಗ ನಮ್ಮ ಹಳ್ಳಿ ಅರ್ಚಾಲಿಯ ಮನೆಗಳನ್ನೆಲ್ಲ ಮೇಲಿನ ದಿಬ್ಬಕ್ಕೆ ಸಾಗಿಸಿದರು. ಗೋರಿಗಳನ್ನೂ ಬೇಕೆಂದವರು ಸಾಗಿಸಬಹುದಿತ್ತು. ನಿನ್ನ ಅಮ್ಮ, ಅಂದರೆ ನನ್ನ ಅಜ್ಜಿ, ಆಗ ಅಪ್ಪನನ್ನು ಹೊತ್ತ ತುಂಬು ಬಸುರಿ. ಬಸುರಿಯಾದವಳು ಗೋರಿಯ ಬಳಿ ಹೋಗಬಾರದು, ಹೆರಿಗೆಯಾಗಲಿ ಎಂದು ಹಿರಿಯರು ತಡೆದರು. ಹೆರಿಗೆಯಾದ ನಲವತ್ತನೆಯ ದಿನ ಅವಳು ಕೂಸನ್ನು ನಾದಿನಿಯ ಕೈಗಿತ್ತು ದಿಬ್ಬ ಇಳಿದಳು. ನೀರು ಅವಳಿಗಿಂತ ಮೊದಲೇ ಬಂದಿತ್ತು.

ಆಮೇಲೆ ಆ ಜಲಾಶಯದ ಮೀನನ್ನು ಅಜ್ಜಿ ಒಮ್ಮೆಯೂ ಬಾಯಿಗಿಡಲಿಲ್ಲ. ಸಂಜೆ ದೀಪದ ಗುಂಡಿ ಒತ್ತುವ ಮುನ್ನ ಒಂದು ಕ್ಷಣ ಕೈ ತಡೆಯುತ್ತಿದ್ದಳು. "ಈ ಬೆಳಕು ಅವಳ ಮೇಲಿಂದ ಹರಿದು ಬಂದದ್ದು ಕಣೇ" ಎಂದು ಒಮ್ಮೆ ನನಗೆ ಹೇಳಿದ್ದಳು. ಗುರುವಾರ ಸತ್ತವರ ಹೆಸರಿನಲ್ಲಿ ಬೋರ್ಸೋಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿಯುವಾಗ ನೀರಿನ ಕಡೆಯ ಕಿಟಕಿ ತೆರೆದಿಡುತ್ತಿದ್ದಳು. ಕಾದ ಎಣ್ಣೆಯ ವಾಸನೆ ಸತ್ತವರನ್ನು ಮುಟ್ಟುತ್ತದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಅದು ನೀರಿನೊಳಕ್ಕೆ ಇಳಿಯುತ್ತದೆಯೇ ಎಂಬುದು ಅವಳ ಸಂಶಯ. ಮುಲ್ಲಾ ಅವರನ್ನೇ ಕೇಳಿದ್ದಳಂತೆ. ಅವರು ಗಡ್ಡ ನೀವಿಕೊಂಡು, ಚಹಾ ಕುಡಿದು, ಎದ್ದುಹೋದರಂತೆ.

ನಾನು ರಾಜಧಾನಿ ಬಿಷ್ಕೆಕ್‌ಗೆ ಹೋಗಿ ಜಲವಿಜ್ಞಾನ ಓದಿದೆ. ತರಗತಿಗೆ ಮೊದಲಿಗಳಾಗಿದ್ದೆ, ಅದನ್ನು ನಾನೂ ಮರೆಯುತ್ತಿರಲಿಲ್ಲ, ಬೇರೆಯವರಿಗೂ ಮರೆಯಗೊಡುತ್ತಿರಲಿಲ್ಲ. ಮೂರನೆಯ ವರ್ಷ, ದೇಶದ ಸರೋವರ ಮತ್ತು ಜಲಾಶಯಗಳನ್ನು ಎತ್ತರದ ಕ್ರಮದಲ್ಲಿ ನಿಲ್ಲಿಸಿ ಒಂದು ಪಟ್ಟಿ ಮಾಡಿದೆ. ಮೇಲೆ ಸೋನ್-ಕುಲ್, ಮೂರು ಸಾವಿರದ ಹದಿನಾರು ಮೀಟರ್. ಅದರ ಕೆಳಗೆ ಇಸ್ಸಿಕ್-ಕುಲ್, ಸಾವಿರದ ಆರುನೂರ ಏಳು. ಬಹಳ ಕೆಳಗೆ ನಮ್ಮದು. ಸರೋವರಗಳು ಗಂಭೀರವಾದವು, ವರ್ಷವಿಡೀ ಅವುಗಳ ಮಟ್ಟ ಹೆಚ್ಚು ಕದಲುವುದಿಲ್ಲ. ನಮ್ಮ ಜಲಾಶಯ ಮಾತ್ರ ಚಳಿಗಾಲವಿಡೀ ವಿದ್ಯುತ್ತಿಗಾಗಿ ಬರಿದಾಗುತ್ತ ಹತ್ತಾರು ಮೀಟರ್ ಇಳಿಯುತ್ತದೆ, ಹಿಮ ಕರಗಿದಾಗ ಮತ್ತೆ ಏರುತ್ತದೆ.

ಆ ಪಟ್ಟಿಯನ್ನು ಅಜ್ಜಿಗೆ ಓದಿ ಹೇಳಿದೆ. ಎಲ್ಲ ಎತ್ತರಗಳನ್ನೂ ದೂರದ ಬಾಲ್ಟಿಕ್ ಸಮುದ್ರದ ಮಟ್ಟದಿಂದ ಅಳೆಯುತ್ತಾರೆ ಎಂದಾಗ ಅವಳು ನಕ್ಕುಬಿಟ್ಟಳು. "ಅಯ್ಯೋ, ಇಲ್ಲಿಯ ನೀರು ಅಳೆಯೋಕೆ ಅಷ್ಟು ದೂರದ ನೀರು ಯಾಕೇ? ಅವರೇನು ನಮ್ಮನ್ನ ಕೇಳಿ ಅವರ ಸಮುದ್ರ ಅಳೀತಾರಾ?" ನಗು ನಿಂತ ಮೇಲೆ, ಬಟ್ಟಲನ್ನು ಕೆಳಗಿಟ್ಟು ಕೇಳಿದಳು: "ಹಾಗಾದ್ರೆ ನನ್ನ ಉಮ್ಸುನಾಯ್ ಎಷ್ಟು ಎತ್ತರದಲ್ಲಿದಾಳೆ, ಪ್ರೊಫೆಸರಮ್ಮಾ?"

ಹಳ್ಳಿ ಮುಳುಗುವ ಮುಂಚಿನ ನಕ್ಷೆಯನ್ನು ಗ್ರಂಥಾಲಯದಲ್ಲಿ ಹುಡುಕಿ ತೆಗೆದೆ. ಹಿಟ್ಟಿನ ಗಿರಣಿ, ಅದರ ಹಿಂದೆ ಗೋರಿಗಳ ಇಳಿಜಾರು. ನೀನು ಇರುವುದು ಎಂಟುನೂರ ಅರವತ್ತೇಳು ಮೀಟರಿನಲ್ಲಿ. ಆ ವರ್ಷ ಹಿಮ ಕಡಿಮೆ ಬಿದ್ದಿತ್ತು. ನೀರು ಹಿಂದೆಂದೂ ಇಳಿಯದಷ್ಟು ಇಳಿಯುತ್ತಿತ್ತು. ಅಣೆಕಟ್ಟಿನ ಕಚೇರಿ ದಿನವೂ ಪ್ರಕಟಿಸುವ ಮಟ್ಟವನ್ನು ಗೆರೆ ಎಳೆದು ಮುಂದುವರಿಸಿದೆ. ಏಪ್ರಿಲ್ ಹನ್ನೊಂದಕ್ಕೆ ಎಂಟುನೂರ ಅರವತ್ತಾರೂವರೆ. "ಅಂದು ಗೋರಿ ನೀರಿನಿಂದ ಹೊರಗಿರುತ್ತದೆ" ಎಂದು ನೆಂಟರೆಲ್ಲರ ಮುಂದೆ ಘೋಷಿಸಿದೆ. ಅಜ್ಜಿ ಪೆಟ್ಟಿಗೆಯಿಂದ ಹೊಸ ಬಿಳಿ ತಲೆವಸ್ತ್ರ ತೆಗೆದು ಮಡಿಕೆ ಬಿಡಿಸಿದಳು.

ಹನ್ನೊಂದರಂದು ಮೂವತ್ತು ಜನ ದಡಕ್ಕಿಳಿದೆವು. ಕುರಿ ಕಡಿದಿದ್ದರು, ಬೋರ್ಸೋಕ್ ಬುಟ್ಟಿಗಳಲ್ಲಿತ್ತು. ಪ್ರಕಟವಾದ ಅಂಕಿ ನನ್ನ ಲೆಕ್ಕದಂತೆಯೇ ಇತ್ತು. ಗಿರಣಿಯ ಗೋಡೆಯ ತುದಿಯೊಂದು ನೀರಿನಿಂದ ಗೇಣುದ್ದ ಮೇಲೆದ್ದಿತ್ತು, ಅಷ್ಟೇ. ಅದರಾಚೆ ಕದಲದ ಬೂದು ನೀರು.

"ಏನಮ್ಮಾ, ನಿನ್ನ ಲೆಕ್ಕಾನ ನೀರು ಓದಲಿಲ್ವಾ? ಅದು ಶಾಲೆಗೆ ಹೋಗಿಲ್ಲ ಬಿಡು" ಎಂದರು ಪಕ್ಕದ ಮನೆಯ ಝುಮಾಬೆಕ್ ಮಾವ. ಕೆಲವರು ನಕ್ಕರು. ನನ್ನ ಕಿವಿ ಉರಿಯಿತು. "ಅಣೆಕಟ್ಟಿನವರು ನೀರು ಬಿಡೋದು ನಿಲ್ಲಿಸಿರಬೇಕು" ಎಂದೆ. ಅದು ಆ ಕ್ಷಣ ಬಾಯಿಗೆ ಬಂದ ಮಾತು. ಅಜ್ಜಿ ಮಾತ್ರ ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ನೀರಿನ ಅಂಚಿನಲ್ಲಿ ಮೊಣಕಾಲೂರಿ, ಬಹಳ ಮೆಲ್ಲಗೆ, "ಇನ್ನೂ ಸಿಟ್ಟಾ ಮಗೂ?" ಎಂದು ನಿನ್ನನ್ನು ಕೇಳಿದಳು.

ಅದೇ ಸಂಜೆ ನನ್ನ ತಪ್ಪು ನನಗೆ ಸಿಕ್ಕಿತು. ಅಣೆಕಟ್ಟು ಕಟ್ಟಿದವರು ಮೊದಲಿನಿಂದಲೂ ತಮ್ಮದೇ ಒಂದು ಸೊನ್ನೆಯಿಂದ, ಅಂದರೆ ಅಳತೆ ಶುರುವಾಗುವ ಮಟ್ಟದಿಂದ, ಅಳೆಯುತ್ತ ಬಂದಿದ್ದರು. ನಕ್ಷೆಯ ಸೊನ್ನೆ ಬಾಲ್ಟಿಕ್ ಸಮುದ್ರದ್ದು. ಎರಡರ ನಡುವೆ ಎರಡು ಮೀಟರಿನ ವ್ಯತ್ಯಾಸ. ಪ್ರಕಟಣೆಯ ಅಂಕಿಗೆ ಆ ಎರಡು ಮೀಟರ್ ಕೂಡಿಸಬೇಕಿತ್ತು, ನಾನು ಕೂಡಿಸಲಿಲ್ಲ. ಎದೆಮಟ್ಟದ ನೀರು ನಿನ್ನ ಮೇಲೆ ಇದ್ದೇ ಇತ್ತು. ಎರಡು ನೀರುಗಳನ್ನು ಹೋಲಿಸುವ ಮೊದಲು ಅವುಗಳ ಸೊನ್ನೆ ಒಂದೇ ಹೌದೋ ಎಂದು ನೋಡು: ಇದು ನಮಗೆ ಕಲಿಸಿದ ಮೊದಲ ಪಾಠ. ಆ ಪಾಠದಲ್ಲಿ ನನಗೆ ಪೂರ್ಣ ಅಂಕ ಬಂದಿತ್ತು.

ಅಜ್ಜಿ ಪಕ್ಕದ ಕೋಣೆಯಲ್ಲೇ ಇದ್ದಳು. ಎದ್ದುಹೋಗಿ, "ತಪ್ಪು ನನ್ನದು, ಅವಳದಲ್ಲ" ಎಂದು ಹೇಳಲು ಹತ್ತು ಹೆಜ್ಜೆ ಸಾಕಿತ್ತು. ಝುಮಾಬೆಕ್ ಮಾವನ ನಗು ನೆನಪಾಯಿತು. ನಾನು ಪುಸ್ತಕ ಮುಚ್ಚಿದೆ. ಕೆಲವೇ ದಿನಗಳಲ್ಲಿ ಹಿಮ ಕರಗಿ ನೀರು ಏರತೊಡಗಿತು.

ನೀನು ಮುಖ ತೋರಿಸಲು ಒಪ್ಪಲಿಲ್ಲವೆಂದೇ ಅವಳು ನಂಬಿದಳು. ಆ ಚಳಿಗಾಲ ಹಾಸಿಗೆ ಹಿಡಿದ ಮೇಲೆ ಬಾಗಿಲ ಕಡೆ ನೋಡುತ್ತ, "ಹೊಸ್ತಿಲಲ್ಲೇ ನಿಂತಿದಾಳೆ, ಒಳಗೆ ಬಾ ಅಂದ್ರೆ ಬರಲ್ಲ" ಎನ್ನುತ್ತಿದ್ದಳು. ನಾನು ಅವಳ ಪಾದ ತಿಕ್ಕುತ್ತ ಕುಳಿತಿರುತ್ತಿದ್ದೆ. ಆಗಲೂ ಹೇಳಲಿಲ್ಲ. ಫೆಬ್ರವರಿಯಲ್ಲಿ ಅವಳು ಹೋದಳು. ಅಂದಿನಿಂದ ಹೊಸ್ತಿಲು ನನ್ನ ಪಾಲಿಗೆ ಬಂದಿದೆ. ಈಗ ನಾನು ಇದೇ ಜಲಾಶಯದ ಮಟ್ಟ ಅಳೆಯುವ ಠಾಣೆಯಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಎಂಟಕ್ಕೆ ಮಟ್ಟ ಬರೆದುಕೊಳ್ಳುವಾಗ ಬೆನ್ನ ಹಿಂದೆ ಯಾರೋ ಗಿಡ್ಡವರು ನಿಂತಂತಾಗುತ್ತದೆ. ನೀನು ನಾಲ್ಕರವರೆಗೆ ಮಾತ್ರ ಎಣಿಸುತ್ತಿದ್ದೆಯಂತೆ, ಆಮೇಲೆ ಎಲ್ಲವೂ ‘ತುಂಬಾ’ ಅಂತೆ. ನಾನು ತಿರುಗಿ ನೋಡುವುದಿಲ್ಲ. ಅಂಕಿಯನ್ನು ಎರಡು ಸಲ ಪರೀಕ್ಷಿಸುತ್ತೇನೆ.

ಈ ವರ್ಷ ನೀರು ಇನ್ನೂ ಕೆಳಗಿಳಿಯಿತು. ಸೋಮವಾರ, ಎರಡು ಮೀಟರ್ ಕೂಡಿಸಿದ ಮೇಲೂ, ಅದು ನಿನಗಿಂತ ಒಂದು ಗೇಣು ಕೆಳಗಿತ್ತು. ಅಪ್ಪನನ್ನು ಮಾತ್ರ ಕರೆದುಕೊಂಡು ಇಳಿದೆ. ಗೋರಿಗಳೆಂದು ಹೇಳಬಹುದಾದ ಒಂದು ಉಬ್ಬೂ ಅಲ್ಲಿ ಉಳಿದಿಲ್ಲ. ಎಲ್ಲವೂ ನುಣುಪಾದ ಕಂದು ಕೆಸರು. ಅದರ ಮೇಲೆ ಹಕ್ಕಿಯ ಹೆಜ್ಜೆಗಳು. ಗಿರಣಿಯಿಂದ ಅಳೆದು, "ಇಲ್ಲಿ" ಎಂದೆ. ಅಪ್ಪ ಕೆಸರಿನಲ್ಲೇ ಕುಳಿತು ಪ್ರಾರ್ಥಿಸಿ, ಅಂಗೈಗಳಿಂದ ಮುಖ ಸವರಿಕೊಂಡ. ಆಗ ನಾನು ಎಲ್ಲವನ್ನೂ ಹೇಳಿದೆ: ಎರಡು ಸೊನ್ನೆ, ಆ ಸಂಜೆ, ಹತ್ತು ಹೆಜ್ಜೆ.

ಅಪ್ಪ ಮೊಣಕಾಲಿನ ಕೆಸರು ಒರೆಸಿಕೊಳ್ಳುತ್ತ, "ಹೇಳಬಹುದಿತ್ತಲ್ಲೇ ಬೆಗಾಯಿಮ್" ಎಂದ. "ಅವಳು ನಕ್ಕಿರೋಳು. ‘ನೋಡಿದೆಯಾ, ದೂರದ ಸಮುದ್ರ ಬೇಡ ಅಂದಿದ್ದೆ’ ಅಂತಿದ್ದಳು."

ಅಷ್ಟೇ ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅತ್ತೆ, ನನಗೆ ಕ್ಷಮೆ ಬೇಡ. ನಾಲ್ಕು ವರ್ಷದವಳ ಹತ್ತಿರ ಅದನ್ನು ಕೇಳುವುದು ಸರಿಯೂ ಅಲ್ಲ. ನಿನ್ನ ಅಮ್ಮ ಅಲ್ಲಿಗೆ ಬಂದಿದ್ದರೆ, ನೀನು ಸಿಟ್ಟಾಗಿದ್ದೀಯೆಂದು ಹೆದರಿ ದೂರದಲ್ಲೇ ನಿಂತಿರುತ್ತಾಳೆ. ಅವಳು ತಾನಾಗಿ ಹತ್ತಿರ ಬರುವವಳಲ್ಲ. ನೀನೇ ಓಡಿಹೋಗಿ ಅವಳ ಅಂಗಿಯ ಅಂಚು ಹಿಡಿ. ಮುಚ್ಚಿಟ್ಟವಳು ನಾನೆಂದು ಹೇಳು.

ನೀರು ನಾಳೆಯಿಂದ ಏರುತ್ತದೆ. ನಿನ್ನ ಮೇಲಿನ ಮಣ್ಣು ರೇಷ್ಮೆಯಷ್ಟು ಹಗುರವಾಗಿರಲಿ, ನಿನ್ನ ಮೇಲಿನ ನೀರು ಅದಕ್ಕಿಂತ ಹಗುರವಾಗಿರಲಿ.

ನಿನ್ನ ತಮ್ಮನ ಮಗಳು,
ಬೆಗಾಯಿಮ್